ಬಚ್ಚಲುಮನೆಯಲ್ಲಿ ಮೆಗ್ಗರ್

ಬೆಂಗಳೂರಿನ ಶಂಕರಪುರದಿಂದ ಸಮುದ್ರ ಮುನ್ನೂರೈವತ್ತು ಕಿಲೋಮೀಟರ್ ದೂರ. ಹಡಗಿಗೆ ದಿಕ್ಕು ತೋರಿಸುವ, ನೀರಿನ ಆಳ ಅಳೆದು ಹೇಳುವ ಯಂತ್ರಗಳು ಕೆಟ್ಟರೆ ಅವನ್ನು ಈ ಶಂಕರಪುರದ ಒಂದು ಹಳೇ ಮನೆಯ ಹಿಂದಿನ ಕೋಣೆಗೆ ಕಳಿಸುತ್ತಾರೆ ಎಂದರೆ ಕೇಳಿದವರು ನಗುತ್ತಾರೆ. ನಗಲಿ, ದೊಡ್ಡಬೈರಪ್ಪನವರಿಗೆ ಅದರ ಚಿಂತೆಯಿಲ್ಲ. ಹದಿನೆಂಟಕ್ಕೆ ನೌಕಾಪಡೆ ಸೇರಿ, ಹದಿನೈದು ವರ್ಷ ಹಡಗುಗಳ ಕರೆಂಟಿನ ಕೆಲಸ ಮಾಡಿ, ಊರಿಗೆ ವಾಪಸಾಗಿ, ಅಕ್ಕ ತಿಮ್ಮಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಬೆಂಚು ಹಾಕಿಕೊಂಡು ಕೂತವರು ಅವರು. ಕೂತು ಮೂವತ್ತೈದು ವರ್ಷವಾಯಿತು. ಬೀದಿಯಲ್ಲಿ ಅವರ ಹೆಸರು ಹಡಗಿನ ಬೈರಪ್ಪ. ಎದುರುಮನೆಗೆ ಹೊಸದಾಗಿ ಬಾಡಿಗೆಗೆ ಬಂದವರು, ಪಾಪ, ಗೋವಾಕ್ಕೆ ಹೋಗುವ ಹಡಗಿನ ಟಿಕೆಟ್ ಸಿಗುತ್ತದೆಯೇ ಎಂದು ಒಮ್ಮೆ ಬಂದು ವಿಚಾರಿಸಿದ್ದೂ ಉಂಟು.

ವಿಶಾಖಾ ಈ ಕೋಣೆಗೆ ಬಂದು ಆರು ವರ್ಷ. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಓದಿದವಳು, ದಿನಾ ಬೆಳಿಗ್ಗೆ ಕಾಟನ್‌ಪೇಟೆಯ ಮನೆಯಿಂದ ಸ್ಕೂಟರಿನಲ್ಲಿ ಬರುತ್ತಾಳೆ. ಸಮುದ್ರ ನೋಡಿರುವುದು ಒಂದೇ ಸಲ, ಅದೂ ಕಾಲೇಜಿನ ಟೂರಿನಲ್ಲಿ. ಕಾಲಿಗೆಲ್ಲ ಮರಳು ಮೆತ್ತಿಕೊಂಡಿತು ಅನ್ನುವುದು ಬಿಟ್ಟರೆ ಅವಳಿಗೆ ಅದರ ಬಗ್ಗೆ ವಿಶೇಷ ಅಭಿಪ್ರಾಯವಿಲ್ಲ. ಆದರೆ ಯಂತ್ರದ ಬೆನ್ನು ಬಿಚ್ಚಿಟ್ಟರೆ ಸಾಕು, ಊಟದ ಹೊತ್ತಾದದ್ದೂ ಗೊತ್ತಾಗುವುದಿಲ್ಲ. ತಿಮ್ಮಕ್ಕ ಬಂದು ತಟ್ಟೆಯನ್ನು ಬೆಂಚಿನ ಮೇಲೇ ಕುಕ್ಕಿ ಹೋಗಬೇಕು.

ಆ ಕೋಣೆಯ ಪದ್ಧತಿ ಒಂದಿದೆ. ರಿಪೇರಿಯಾದ ಯಾವ ಯಂತ್ರವೂ ಟೆಸ್ಟ್ ರಿಪೋರ್ಟ್ ಇಲ್ಲದೆ ಹೊರಗೆ ಹೋಗಕೂಡದು. ಏನು ಕೆಟ್ಟಿತ್ತು, ಕಾರಣವೇನು, ಏನು ಮಾಡಿದೆವು, ಮೀಟರು ಎಷ್ಟು ತೋರಿಸಿತು, ಎಲ್ಲ ಬರೆದು ಕೆಳಗೆ ಸಹಿ. ಸಹಿ ಎಂದರೆ ಸುಮ್ಮನೆ ಗೀಚುವುದಲ್ಲ, ನಡುನೀರಿನಲ್ಲಿ ಇದು ಕೈಕೊಟ್ಟರೆ ನನ್ನನ್ನು ಕೇಳಿ ಎಂದು ಒಪ್ಪಿಕೊಂಡಂತೆ, ಅಂತ ದೊಡ್ಡಬೈರಪ್ಪನವರು ಹೇಳುತ್ತಿದ್ದರು. ಮೂವತ್ತೈದು ವರ್ಷವೂ ಆ ಸಹಿ ಅವರೊಬ್ಬರದೇ. ಕೆಲಸವೆಲ್ಲ ವಿಶಾಖಾ ಮಾಡಿದರೂ ಕೊನೆಗೆ ಕನ್ನಡಕ ಹಾಕಿಕೊಂಡು, ಪ್ರತಿ ಅಂಕಿಯ ಮೇಲೂ ಬೆರಳಾಡಿಸಿ, ಅವರೇ ಸಹಿ ಹಾಕುತ್ತಿದ್ದರು. ಈ ಜನವರಿಯಲ್ಲಿ ಒಂದು ದಿನ ಮಾತ್ರ ಅದೇನನ್ನಿಸಿತೋ, ಹಾಳೆಯನ್ನು ಅವಳ ಕಡೆಗೆ ಸರಿಸಿದರು.

ಅದು ಒಂದು ಎಕೋ ಸೌಂಡರ್‌ನ ರಿಪೋರ್ಟು. ಹಡಗಿನ ತಳದಿಂದ ನೀರಿನೊಳಗೆ ಶಬ್ದ ಬಿಟ್ಟು, ಅದು ನೆಲಕ್ಕೆ ಬಡಿದು ಮರಳುವ ಹೊತ್ತನ್ನು ಲೆಕ್ಕ ಹಾಕಿ, ಕೆಳಗೆ ಎಷ್ಟು ಆಳವಿದೆ ಎಂದು ತೋರಿಸುವ ಪೆಟ್ಟಿಗೆ ಅದು. ಮಂಗಳೂರಿನಿಂದ ದ್ವೀಪಗಳಿಗೆ ಅಕ್ಕಿ, ಈರುಳ್ಳಿ, ಸಿಮೆಂಟು ಸಾಗಿಸುವ ಒಂದು ಸಣ್ಣ ಹಡಗಿನದು. ವಿಶಾಖಾ ಹೆಸರನ್ನು ಪೂರ್ತಿ ಬರೆದು ಸಹಿ ಹಾಕಿದಳು. ಅದರ ಫೋಟೋ ನೋಡಿದ ಅವಳ ತಾಯಿ ಕಮಲಮ್ಮ ಪ್ರಿಂಟ್ ತೆಗೆಸಿ, ಲ್ಯಾಮಿನೇಟ್ ಮಾಡಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಮನೆಗೆ ಬಂದವರೆಲ್ಲ ನೀರು ಕುಡಿಯುವ ಮೊದಲು ಅದನ್ನು ಓದಬೇಕು.

ಒಂಬತ್ತನೇ ದಿನಕ್ಕೆ ಪೆಟ್ಟಿಗೆ ವಾಪಸು ಬಂತು.

ಹಡಗಿನ ಎಲೆಕ್ಟ್ರಿಕಲ್ ಆಫೀಸರ್ ಮನೋಹರ್ ಫೋನಿನಲ್ಲಿ ಹೇಳಿದ್ದು ಇಷ್ಟು. ಹಡಗಿನಲ್ಲಿ ಕರೆಂಟಿನ ಎರಡು ತಂತಿಗಳಲ್ಲಿ ಯಾವುದೂ ಹಡಗಿನ ಕಬ್ಬಿಣದ ಮೈಗೆ ತಾಗಿರಬಾರದು. ಎಲ್ಲಾದರೂ ಸೋರಿತೋ, ಅಲಾರಂ ಹೊಡೆದುಕೊಳ್ಳುತ್ತದೆ. ಈ ಪೆಟ್ಟಿಗೆಯನ್ನು ಸಿಕ್ಕಿಸಿದ ಮೊದಲನೇ ದಿನ ಸುಮ್ಮನಿತ್ತು, ಎರಡನೇ ದಿನದಿಂದ ಅಲಾರಂ ಬಾಯಿ ಮುಚ್ಚುತ್ತಿಲ್ಲ. ವಿಶಾಖಾ ಬೆಂಚಿನ ಮೇಲಿಟ್ಟು ನೋಡಿದಳು, ಎಲ್ಲ ಸರಿಯಿತ್ತು. ಹಿಂಬದಿಯ ಕೇಬಲ್ ಸಿಕ್ಕಿಸುವ ದುಂಡನೆಯ ಸಾಕೆಟ್ಟಿನ ಸುತ್ತ ಮಾತ್ರ ಕೆಂಪಗೆ ಏನೋ ಹತ್ತಿತ್ತು. ಉಪ್ಪುಗಾಳಿಗೆ ತುಕ್ಕು ಹಿಡಿದಿದೆ ಎಂದುಕೊಂಡು, ನಗರ್ತಪೇಟೆಯ ಹತ್ತಿರ ಹತ್ತು ಅಂಗಡಿ ಅಲೆದು ಅದೇ ಅಳತೆಯ ಸಾಕೆಟ್ ಎರಡು ತಂದಳು. ಒಂದನ್ನು ಹಾಕಿ, ಇನ್ನೊಂದನ್ನು ಡ್ರಾಯರಿನಲ್ಲಿಟ್ಟು, ಸಮುದ್ರವನ್ನು ಬೈದು, ಮತ್ತೆ ಸಹಿ ಹಾಕಿ ಕಳಿಸಿದಳು. ಮತ್ತೆ ವಾಪಸು ಬಂತು. ಈ ಸಲ ಎರಡನೇ ದಿನದವರೆಗೂ ಕಾಯಲಿಲ್ಲವಂತೆ, ಮೊದಲನೇ ದಿನ ಮಧ್ಯಾಹ್ನವೇ ಅಲಾರಂ ಶುರುವಾಯಿತಂತೆ.

ಮನೋಹರ್ ಮಲ್ಲೇಶ್ವರದ ಹುಡುಗ, ಮಾತಿನಲ್ಲಿ ಮರ್ಯಾದಸ್ಥ. ಆದರೆ ಬುಧವಾರ ಫೋನ್ ಮಾಡಿದಾಗ ಅವನ ದನಿಯೂ ಬಿಗಿಯಾಗಿತ್ತು. ಶನಿವಾರ ಬೆಳಿಗ್ಗೆ ಸರ್ವೇಯರ್ ಬಂದು ಹಡಗಿನ ಯಂತ್ರಗಳನ್ನೆಲ್ಲ ನೋಡುತ್ತಾರೆ, ಅವರು ಒಪ್ಪದಿದ್ದರೆ ಹಡಗು ಹೊರಡುವಂತಿಲ್ಲ. ನಿಮ್ಮಲ್ಲಿ ಸರಿ, ನಮ್ಮಲ್ಲಿ ತಪ್ಪು ಎಂದರೆ ದೋಷ ನಮ್ಮ ಕೇಬಲ್ಲಿನದೇ ಇರಬೇಕು, ತಳದವರೆಗಿನ ಕೇಬಲ್ ಅಷ್ಟನ್ನೂ ಕಿತ್ತು ಹೊಸದು ಎಳೆಯಲು ಜನ ಹುಡುಕುತ್ತಿದ್ದೇವೆ ಎಂದ. ಕೊನೆಗೆ, ಇಷ್ಟವಿಲ್ಲದೆ ಹೇಳುವವನಂತೆ, ಇನ್ನುಮುಂದೆ ರಿಪೋರ್ಟಿನಲ್ಲಿ ದೊಡ್ಡಬೈರಪ್ಪನವರ ಸಹಿಯೇ ಇರಲಿ ಎಂದು ಆಫೀಸಿನವರು ಹೇಳಿದ್ದಾರೆ ಎಂದ.

ಫೋನು ಸ್ಪೀಕರಿನಲ್ಲಿತ್ತು. ವಿಶಾಖಾಗೆ ಎಲ್ಲ ಕೇಳಿಸಿತು. ದೊಡ್ಡಬೈರಪ್ಪನವರು ಫೋನಿಟ್ಟು, ಕನ್ನಡಕ ಒರೆಸುತ್ತಾ ಕೂತರು.

"ಈ ಸಲಕ್ಕೆ ನಾನೇ ಹಾಕ್ತೀನಮ್ಮ. ಬೇಜಾರು ಮಾಡ್ಕೋಬೇಡ."

ಬೇಜಾರು ಮಾಡಿಕೊಳ್ಳಬೇಡ ಎಂದರೆ ಆಗದಿರುವುದು ಎಲ್ಲಾದರೂ ಉಂಟೇ? ಈ ಸಲಕ್ಕೆ ಎಂದದ್ದು ಎಲ್ಲ ಸಲಕ್ಕೂ ಆಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮನೆಗೆ ಹೋಗಿ ಫ್ರಿಜ್ಜಿನ ಕಡೆ ನೋಡದೆ ಊಟ ಮಾಡಿದಳು. ದೋಷ ಹುಡುಕದೆ ಪೆನ್ನು ಕೊಟ್ಟರೆ ಆರು ವರ್ಷ ಕಲಿತದ್ದೆಲ್ಲ ನೀರುಪಾಲು ಎಂದು ಮನಸ್ಸಿಗೆ ಬಂದು, ಕೈತೊಳೆಯುವ ಹೊತ್ತಿಗೆ ಅವಳಿಗೆ ಅಳುವಿಗಿಂತ ಹಟವೇ ಜಾಸ್ತಿಯಾಗಿತ್ತು.

ಗುರುವಾರ ಬೆಳಿಗ್ಗೆ ಎಂಟಕ್ಕೇ ಬೆಂಚಿನ ಮುಂದೆ ಕೂತಳು. ಈ ಸಲ ಯಾವುದನ್ನೂ ಒರೆಸಲಿಲ್ಲ, ತೊಳೆಯಲಿಲ್ಲ, ಬಂದದ್ದು ಬಂದ ಹಾಗೇ ಇರಲಿ ಎಂದುಕೊಂಡಳು. ಒಳಗಿನ ಸರ್ಕ್ಯೂಟ್ ಕಾರ್ಡುಗಳನ್ನು ಬಿಡಿಸಿಟ್ಟು ಮೆಗ್ಗರ್ ಎತ್ತಿಕೊಂಡಳು. ತಂತಿಯಿಂದ ಲೋಹದ ಮೈಗೆ ಕರೆಂಟ್ ಸೋರುತ್ತಿದೆಯೇ ಎಂದು ನೋಡುವ ಮೀಟರು ಅದು, ಹಿಡಿ ಹಿಡಿದು ಗರಗರ ತಿರುಗಿಸಬೇಕು, ದೊಡ್ಡಬೈರಪ್ಪನವರಿಗಿಂತ ಹತ್ತು ವರ್ಷ ಚಿಕ್ಕದಿದ್ದೀತು ಅಷ್ಟೇ. ತಿರುಗಿಸಿದಳು. ಮುಳ್ಳು ಮೇಲೇರಿ ಅಲುಗದೆ ನಿಂತಿತು. ಸೋರಿಕೆ ಇಲ್ಲ. ಇಲ್ಲಿ ಇಲ್ಲದ್ದು ಅಲ್ಲಿ ಏನಿದೆ? ಕರೆಂಟೂ ಅದೇ, ಕೇಬಲ್ಲೂ ಅಂಥದ್ದೇ. ಫೆಬ್ರವರಿಯ ಬೆಂಗಳೂರಿನಲ್ಲಿ ಅವಳ ತುಟಿ ಒಡೆದು ಉರಿಯುತ್ತಿತ್ತು. ಅದನ್ನು ನಾಲಿಗೆಯಿಂದ ಸವರಿಕೊಂಡಾಗಲೇ ಅವಳಿಗೆ ಹೊಳೆದದ್ದು. ಇಲ್ಲಿ ಇಲ್ಲದ್ದು ತೇವ. ಮಂಗಳೂರಿನ ಗಾಳಿಯನ್ನು ಹಿಂಡಿದರೆ ನೀರು ಬರುತ್ತದೆ, ಇಲ್ಲಿಯ ಗಾಳಿಯಲ್ಲಿ ಹಪ್ಪಳ ಒಣಗಿಸಬಹುದು.

ತೇವ ಬೇಕು. ಶಂಕರಪುರದಲ್ಲಿ ಬೆಳಿಗ್ಗೆ ಎಂಟೂವರೆಗೆ ಅಷ್ಟು ತೇವ ಸಿಗುವ ಜಾಗ ಒಂದೇ. ಗೀಸರನ್ನು ನಂಬದ ತಿಮ್ಮಕ್ಕನ ಬಚ್ಚಲುಮನೆಯಲ್ಲಿ ಇವತ್ತಿಗೂ ತಾಮ್ರದ ಹಂಡೆ, ಕೆಳಗೆ ಸೌದೆ ಉರಿ. ಬಾಗಿಲು ಹಾಕಿದರೆ ಎದುರಿನವರ ಮುಖ ಕಾಣದಷ್ಟು ಹಬೆ. ವಿಶಾಖಾ ಎಕೋ ಸೌಂಡರನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಹಿತ್ತಲ ಕಡೆ ನಡೆದಳು.

ಹೆಗಲ ಮೇಲೆ ಟವೆಲ್ ಹಾಕಿಕೊಂಡು ಸ್ನಾನಕ್ಕೆ ಹೊರಟಿದ್ದ ದೊಡ್ಡಬೈರಪ್ಪನವರು ಬಚ್ಚಲ ಬಾಗಿಲಲ್ಲಿ ಅವಳನ್ನು ನೋಡಿ ದಂಗಾದರು. ವಿಷಯ ಕೇಳಿದ ಮೇಲೆ, ಸ್ನಾನ ಮರೆತು, ಹಬೆಗೆ ಇಟ್ಟರೆ ಯಾವ ಸಾಕೆಟ್ ಆದರೂ ಸೋರುತ್ತದೆ, ಅದರಿಂದ ಏನು ಸಾಬೀತಾಯಿತು ಎಂದು ತಕರಾರು ತೆಗೆದರು. ಮಾತು ನಿಜವೇ. ವಿಶಾಖಾ ಓಡಿಹೋಗಿ ಡ್ರಾಯರಿನಲ್ಲಿದ್ದ ಹೊಸ ಸಾಕೆಟ್ ತಂದಳು. ಸ್ಟೂಲಿನ ಮೇಲೆ ಪೆಟ್ಟಿಗೆ, ಪಕ್ಕದಲ್ಲಿ ಹೊಸ ಸಾಕೆಟ್, ಎರಡಕ್ಕೂ ಒಂದೇ ಹಬೆ. ಎರಡರಿಂದಲೂ ತಂತಿಗಳನ್ನು ಬಾಗಿಲ ಸಂದಿಯಿಂದ ಹೊರಗೆಳೆದು, ಹೊಸ್ತಿಲ ಆಚೆ ಮೆಗ್ಗರ್ ಇಟ್ಟುಕೊಂಡು ಕುಕ್ಕರಗಾಲಿನಲ್ಲಿ ಕೂತಳು. ಟವೆಲ್ಲಿನಲ್ಲಿದ್ದ ದೊಡ್ಡಬೈರಪ್ಪನವರು ಗಡಿಯಾರ ಹಿಡಿದು ನಿಂತರು. ಪಕ್ಕದ ಮನೆಯ ಗಂಗರತ್ನಮ್ಮ ಕರಿಬೇವು ಕೇಳಲು ಬಂದವರು, ಒಳಗೆ ಯಾರಿದ್ದಾರೆ ಎಂದು ಪಿಸುಮಾತಿನಲ್ಲಿ ಕೇಳಿದರು. ಹಡಗು ಎಂದಳು ವಿಶಾಖಾ. ಅವರು ಕರಿಬೇವು ಮರೆತು ಹೋದರು.

ಹತ್ತು ನಿಮಿಷಕ್ಕೆ ತಿರುಗಿಸಿದಾಗ ಎರಡೂ ಸರಿಯಿದ್ದವು. ಇಪ್ಪತ್ತು ನಿಮಿಷಕ್ಕೆ ಹೊಸ ಸಾಕೆಟ್ಟಿನ ಮುಳ್ಳು ಸ್ವಲ್ಪ ಇಳಿದು ನಿಂತಿತು. ಪೆಟ್ಟಿಗೆಯ ಸಾಕೆಟ್ಟಿಗೆ ತಂತಿ ಬದಲಿಸಿ ತಿರುಗಿಸಿದಳು. ಮುಳ್ಳು ಮೇಲೇಳಲೇ ಇಲ್ಲ, ಸೊನ್ನೆಯ ಹತ್ತಿರವೇ ಮಲಗಿತ್ತು. ಮತ್ತೆ ತಿರುಗಿಸಿದಳು, ಮತ್ತೆ ಅಲ್ಲೇ. ಒಂದು ತಿಂಗಳಿಂದ ಕಣ್ಣಾಮುಚ್ಚಾಲೆ ಆಡುತ್ತಿದ್ದ ದೋಷ ಕೈಗೆ ಸಿಕ್ಕಿತ್ತು. ವಿಶಾಖಾಗೆ ಎಷ್ಟು ಖುಷಿಯಾಯಿತೆಂದರೆ ಹೊಸ್ತಿಲ ಮೇಲೇ ಕೂತು ನಕ್ಕುಬಿಟ್ಟಳು. ದೊಡ್ಡಬೈರಪ್ಪನವರು ಅವಳ ತಲೆಯ ಮೇಲೊಮ್ಮೆ ಕೈಯಿಟ್ಟು ಸ್ನಾನಕ್ಕೆ ಹೋದರು.

ಪೆಟ್ಟಿಗೆಯನ್ನು ಬೆಂಚಿಗೆ ತಂದು ಸಾಕೆಟ್ಟಿನ ಒಳಗೆ ಬೆಳಕು ಬಿಟ್ಟಳು. ಪಿನ್ನುಗಳ ನಡುವೆ ಅದೇ ಕೆಂಪು, ಈಗ ಒದ್ದೆಯಾಗಿ ಕೆಸರಿನಂತೆ ಹರಡಿತ್ತು. ಹತ್ತಿಗೆ ಸ್ಪಿರಿಟ್ ಮುಟ್ಟಿಸಿ ಸವರಿದಾಗ ಹತ್ತಿ ಕೇಸರಿ ಬಣ್ಣಕ್ಕೆ ತಿರುಗಿತು. ತುಕ್ಕು ಸ್ಪಿರಿಟ್ಟಿಗೆ ಹೀಗೆ ಬಣ್ಣ ಬಿಡುವುದಿಲ್ಲ. ಅದಿರಲಿ, ಸಾಕೆಟ್ ಹಿತ್ತಾಳೆಯದು. ಹಿತ್ತಾಳೆಗೆ ಕೆಂಪು ತುಕ್ಕು ಎಲ್ಲಿಂದ ಬರಬೇಕು? ಮೊದಲನೇ ಸಲವೇ ಇದನ್ನು ಯೋಚಿಸದೆ ಸಮುದ್ರವನ್ನು ಬೈದು ಕೂತ ತನ್ನ ಬುದ್ಧಿಗೆ ಏನು ಹೇಳಬೇಕೋ ತಿಳಿಯದೆ ಅವಳು ಹಣೆ ಚಚ್ಚಿಕೊಂಡಳು. ಹತ್ತಿಯನ್ನು ಮೂಗಿನ ಹತ್ತಿರ ಹಿಡಿದಳು. ಅರಿಶಿನದ ವಾಸನೆ.

ತಿಮ್ಮಕ್ಕ ಆಗ ಅಡುಗೆಮನೆಯಲ್ಲಿ ಅವರೆಕಾಳು ಸುಲಿಯುತ್ತಿದ್ದರು. ಎಪ್ಪತ್ತೇಳು ವರ್ಷ, ಮಾತು ಗಟ್ಟಿ, ಕೈ ಇನ್ನೂ ಗಟ್ಟಿ. ವಿಶಾಖಾ ಪಕ್ಕದಲ್ಲಿ ಕೂತು, ತಾನೂ ನಾಲ್ಕು ಕಾಯಿ ಸುಲಿಯುತ್ತಾ, ಅಜ್ಜಿ, ನೀವು ಕುಂಕುಮ ಮನೆಯಲ್ಲೇ ಮಾಡುವುದಲ್ಲವೇ, ಹೇಗೆ ಎಂದು ಕೇಳಿದಳು. ತಿಮ್ಮಕ್ಕನಿಗೆ ಸಂತೋಷವಾಯಿತು. ಅರಿಶಿನದ ಕೊಂಬು, ನಿಂಬೆರಸ, ಪಟಿಕ, ಬಿಳಿಗಾರ, ನೆರಳಲ್ಲಿ ಒಣಗಿಸಿ ಕುಟ್ಟುವುದು ಎಂದು ಸಾಂಗವಾಗಿ ಹೇಳಿದರು. ವಿಶಾಖಾ ಮನಸ್ಸಿನಲ್ಲೇ ಎಣಿಸಿದಳು. ಹುಳಿ, ಉಪ್ಪಿನಂಥವು ಎರಡು. ಒಣಗಿದ್ದರೆ ಸಾಧು, ಒದ್ದೆಯಾದರೆ ಕರೆಂಟಿಗೆ ರಾಜಮಾರ್ಗ.

ಉಳಿದದ್ದನ್ನು ತಿಮ್ಮಕ್ಕ ಕೇಳದೆಯೇ ಹೇಳಿದರು. ತಮ್ಮ ನೌಕಾಪಡೆಗೆ ಹೊರಟ ದಿನ ಅವನ ಟ್ರಂಕಿಗೆ ಕುಂಕುಮವಿಟ್ಟು ಕಳಿಸಿದ್ದರು, ಅವನು ಕ್ಷೇಮವಾಗಿ ತಿರುಗಿ ಬಂದ. ಅಂದಿನಿಂದ ಈ ಮನೆಯಿಂದ ಸಮುದ್ರಕ್ಕೆ ಹೋಗುವ ಪ್ರತಿ ಮರದ ಪೆಟ್ಟಿಗೆಗೂ ನೀರಿನಲ್ಲಿ ಕಲಸಿದ ಕುಂಕುಮದ ಮೂರು ಬೊಟ್ಟು. ಅಲ್ಲಿ ಇರುವವರೂ ಯಾರದೋ ತಮ್ಮಂದಿರು ತಾನೇ. ಆದರೆ ಈ ವರ್ಷ ನೀನು ಮರದ ಪೆಟ್ಟಿಗೆ ಬಿಟ್ಟು ಗುಳ್ಳೆಗುಳ್ಳೆ ಪ್ಲಾಸ್ಟಿಕ್ಕಿನಲ್ಲಿ ಸುತ್ತೋದಕ್ಕೆ ಶುರುಮಾಡಿದೆಯಲ್ಲ, ಅದರ ಮೇಲೆ ಬೊಟ್ಟು ನಿಲ್ಲುವುದಿಲ್ಲ, ಅದಕ್ಕೇ ಸುತ್ತುವ ಮೊದಲು ಯಂತ್ರಕ್ಕೇ ಇಡುತ್ತೇನೆ ಎಂದರು. ಮುಂದೆ ಗಾಜು ಕೊಳೆಯಾಗುತ್ತದೆಂದು ಬೈರ ಬೈದಾನು, ಅದಕ್ಕೆ ಹಿಂದುಗಡೆ, ಆ ದುಂಡನೆಯ ಬಾಯಿಗೆ. ಮೊದಲನೇ ಸಲ ವಾಪಸು ಬಂದದ್ದು ನೋಡಿ, ಎರಡನೇ ಸಲ ಕಳಿಸುವಾಗ ಇನ್ನಷ್ಟು ಜಾಸ್ತಿಯೇ ಇಟ್ಟೆ ಎಂದರು.

ವಿಶಾಖಾ ಅವರೆಕಾಳನ್ನು ಸಿಪ್ಪೆಯ ಬುಟ್ಟಿಗೂ ಸಿಪ್ಪೆಯನ್ನು ಕಾಳಿನ ಪಾತ್ರೆಗೂ ಹಾಕಿ ಎದ್ದು ಬಂದಳು.

ವಿಷಯ ಕೇಳಿ ದೊಡ್ಡಬೈರಪ್ಪನವರು ಮೊದಲು ನಕ್ಕರು, ಆಮೇಲೆ ನಗು ಇಳಿಯಿತು. ಸಾಕೆಟ್ ಬದಲಿಸಿ, ಒಳಗೆಲ್ಲ ತೊಳೆದು, ಮತ್ತೆ ಒಂದು ಗಂಟೆ ಹಬೆಯಲ್ಲಿಟ್ಟು ನೋಡಿದ್ದಾಯಿತು. ಮುಳ್ಳು ಬಂಡೆಯಂತೆ ನಿಂತಿತು. ರಿಪೋರ್ಟಿನ ಹಾಳೆ ಬೆಂಚಿನ ಮೇಲೆ ಬಂತು. ದೋಷದ ಕಾರಣ ಎಂಬ ಕಾಲಮ್ಮಿನಲ್ಲಿ ತೇವಾಂಶ ಎಂದಷ್ಟೇ ಬರೆ ಎಂದರು ಅವರು. ಸುಳ್ಳಂತೂ ಅಲ್ಲ. ಐವತ್ತು ವರ್ಷ ಒಳ್ಳೆಯದಾಗಲಿ ಎಂದು ಇಟ್ಟ ಕೈಯನ್ನೇ ದೋಷ ಎಂದು ಬರೆದು ಪರವೂರಿನವರಿಗೆ ಕಳಿಸುವುದು ಹೇಗೆ? ಅಕ್ಕನಿಗೆ ಗೊತ್ತಾದರೆ ಊಟ ಬಿಟ್ಟಾಳು. ನೀನು ಬರಿ, ನಾನು ಸಹಿ ಹಾಕುತ್ತೇನೆ ಎಂದರು.

ವಿಶಾಖಾ ಪೆನ್ನು ಹಿಡಿದು ಕೂತಳು. ತಿಮ್ಮಕ್ಕನನ್ನು ನೋಯಿಸುವುದು ಅವಳಿಗೂ ಬೇಡವಾಗಿತ್ತು. ಆದರೆ ತೇವಾಂಶ ಎಂದು ಬರೆದರೆ ಮನೋಹರ್ ಏನು ತಿಳಿಯುತ್ತಾನೆ? ತೇವ ತನ್ನ ಹಡಗಿನದು, ಸೋರಿದ್ದು ತನ್ನ ಕೇಬಲ್ಲು ಎಂದುಕೊಂಡು ಸರಿಯಿರುವ ಕೇಬಲ್ಲನ್ನು ಬುಡಸಮೇತ ಕೀಳಿಸುತ್ತಾನೆ. ನಮ್ಮ ಮನೆಯ ತಪ್ಪಿಗೆ ಅವನು ಹಡಗು ಅಗೆಯಬೇಕು. ಅವಳು ಪೆನ್ನನ್ನು ಮುಚ್ಚಿ ಹಾಳೆಯ ಮೇಲಿಟ್ಟಳು.

"ಹಾಗಾದ್ರೆ ನೀವೇ ಬರೀರಿ ಸರ್, ನೀವೇ ಸೈನ್ ಹಾಕಿ. ನನ್ ಕೈಲಿ ಆಗಲ್ಲ."

ಒಂದು ತಿಂಗಳಿಂದ ಯಾವ ಸಹಿಗಾಗಿ ಜೀವ ತೇಯ್ದಿದ್ದಳೋ ಅದನ್ನು ಈಗ ತಾನಾಗಿಯೇ ಬಿಟ್ಟುಕೊಡುತ್ತಿದ್ದಾಳೆ ಎಂಬುದು ಮಾತು ಆಡಿದ ಮೇಲೆಯೇ ಅವಳಿಗೆ ತಿಳಿಯಿತು. ಬಾಗಿಲಲ್ಲಿ ಊಟದ ತಟ್ಟೆ ಹಿಡಿದು ತಿಮ್ಮಕ್ಕ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

ಏನು ಆಗಲ್ಲ ಎಂದು ಅವರು ವಿಶಾಖಾಳನ್ನು ಕೇಳಿದರು. ತಮ್ಮ ಏನೋ ಅಡ್ಡ ಹೇಳಲು ಹೋದಾಗ, ನಿನ್ನನ್ನು ಕೇಳಲಿಲ್ಲ ಎಂದು ಕೂರಿಸಿದರು. ವಿಶಾಖಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬಿಚ್ಚಿಟ್ಟಿದ್ದ ಕೆಂಪು ಸಾಕೆಟ್ಟನ್ನು ಒದ್ದೆ ಬಟ್ಟೆಯಲ್ಲಿ ಒತ್ತಿ, ಮೆಗ್ಗರಿನ ಹಿಡಿಯನ್ನು ತಿಮ್ಮಕ್ಕನ ಕೈಗೇ ಕೊಟ್ಟಳು. ತಿಮ್ಮಕ್ಕ ರಾಗಿಕಲ್ಲು ತಿರುಗಿಸಿದ ಕೈ, ಚೆನ್ನಾಗಿಯೇ ತಿರುಗಿಸಿದರು. ಮುಳ್ಳು ಏಳಲಿಲ್ಲ. ಪೆಟ್ಟಿಗೆಗೆ ಹಾಕಿದ್ದ ಹೊಸ ಸಾಕೆಟ್ಟನ್ನೂ ಇನ್ನೊಂದು ಒದ್ದೆ ಬಟ್ಟೆಯಲ್ಲಿ ಒತ್ತಿಸಿ ತಿರುಗಿಸಿದರು, ಎದ್ದಿತು. ಮೂರು ಸಲ ಹಾಗೆ ಅದಲುಬದಲು ಮಾಡಿ ನೋಡಿದರು. ಆಮೇಲೆ ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು.

"ಅಷ್ಟು ಜನ ಸುಖವಾಗಿ ಬರ್ಲಿ ಅಂತ ಇಟ್ಟೆ ಕಣಮ್ಮ. ಅದರಿಂದ್ಲೇ ಅವ್ರಿಗೆ ತೊಂದ್ರೆ ಆಗಿದ್ರೆ ಮುಚ್ಚಿಡೋದ್ಯಾಕೆ? ಬರಿ. ತಿಮ್ಮಕ್ಕ ಇಟ್ಟಿದ್ದು ಅಂತ್ಲೇ ಬರಿ."

ಹಾಗೆಂದು ತಮ್ಮನ ಕಡೆ ತಿರುಗಿ, ಊಟ ಬಿಡುವಷ್ಟು ಹುಚ್ಚು ನನಗಿಲ್ಲ, ಸಾರು ಆರುತ್ತಿದೆ, ಇಬ್ಬರೂ ಮೊದಲು ತಿನ್ನಿ ಎಂದರು. ಇನ್ನು ಮುಂದೆ ಎಲ್ಲಿಡಬೇಕು ಎಂದು ಅವರೇ ಕೇಳಿದರು. ಪ್ಲಾಸ್ಟಿಕ್ಕಿನ ಮೇಲೆ ಒಂದು ರಟ್ಟಿನ ಡಬ್ಬ ಹಾಕುತ್ತೇನೆ, ಅದರ ಮೇಲೆ ಇಡಬಹುದು, ಅಲ್ಲಿ ಬೊಟ್ಟು ನಿಲ್ಲುತ್ತದೆ, ಕರೆಂಟೂ ಇಲ್ಲ ಎಂದಳು ವಿಶಾಖಾ. ಸರಿ ಎಂದರು ತಿಮ್ಮಕ್ಕ.

ರಿಪೋರ್ಟಿನ ಇಂಗ್ಲಿಷನ್ನು ಬಿಟ್ಟು ಹೇಳುವುದಾದರೆ, ಆ ಕಾಲಮ್ಮಿನಲ್ಲಿ ವಿಶಾಖಾ ಬರೆದದ್ದು ಇಷ್ಟು. ಶುಭವಾಗಲಿ ಎಂದು ನಮ್ಮ ಮನೆಯ ಹಿರಿಯರಾದ ತಿಮ್ಮಕ್ಕನವರು ಇಟ್ಟ ಕುಂಕುಮ ಸಾಕೆಟ್ಟಿನೊಳಗೆ ಸೇರಿ, ತೇವಕ್ಕೆ ಕರೆಂಟ್ ಸೋರಿದೆ. ಪ್ಯಾಕಿಂಗ್ ಬದಲಿಸಿ ಅದಕ್ಕೆ ದಾರಿ ಮಾಡಿದವಳು ನಾನು. ಮೊದಲನೇ ಸಲ ಅದನ್ನು ತುಕ್ಕು ಎಂದು ತಪ್ಪಾಗಿ ತಿಳಿದವಳೂ ನಾನೇ. ಹಡಗಿನ ಕೇಬಲ್ಲಿನಲ್ಲಿ ದೋಷವಿಲ್ಲ, ಕೀಳಬೇಡಿ. ದೊಡ್ಡಬೈರಪ್ಪನವರು ಎರಡು ಸಲ ಓದಿದರು. ಪೆನ್ನು ತೆಗೆದುಕೊಂಡರು, ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದು, ಅವಳಿಗೇ ವಾಪಸು ಕೊಟ್ಟರು. ಅವಳು ಸಹಿ ಹಾಕಿದಳು. ಆ ಸಂಜೆ ಕಲಾಸಿಪಾಳ್ಯದಲ್ಲಿ ಮಂಗಳೂರಿನ ಬಸ್ಸಿಗೆ ಡಬ್ಬ ಏರಿತು.

ಮಂಗಳೂರಿನ ಆಫೀಸು ಬೇಡವೆಂದ ಸಹಿ ಅದು. ಶುಕ್ರವಾರವೆಲ್ಲ ವಿಶಾಖಾಗೆ ಅನ್ನ ಸೇರಲಿಲ್ಲ. ಅಲಾರಂ ಹೊಡೆದುಕೊಳ್ಳುವುದಿಲ್ಲ ಎಂದು ಅವಳಿಗೆ ಖಾತ್ರಿಯಿತ್ತು. ಕುಂಕುಮ ಎಂದು ಬರೆದು ಸಹಿ ಹಾಕಿದ ವರ್ಕ್‌ಶಾಪನ್ನು ನೋಡಿ ಅವರು ಎಷ್ಟು ನಗುತ್ತಾರೋ ಎಂಬುದೇ ಭಯ.

ಶನಿವಾರ ಹನ್ನೊಂದಕ್ಕೆ ಫೋನು ಬಂತು. ದೊಡ್ಡಬೈರಪ್ಪನವರು ಸ್ಪೀಕರಿಗೆ ಹಾಕಿದರು. ಮನೋಹರ್ ನಗುತ್ತಲೇ ಇದ್ದ, ಆದರೆ ಅದು ಬೇರೆ ನಗು. ಒಂದು ದಿನ ಕಳೆದರೂ ಅಲಾರಂ ಇಲ್ಲ, ಕೇಬಲ್ ಕೀಳುವುದು ನಿಂತಿತು, ಹಡಗು ಮಧ್ಯಾಹ್ನ ಹೊರಡುತ್ತದೆ. ಸರ್ವೇಯರ್ ಆ ರಿಪೋರ್ಟನ್ನು ಎರಡು ಸಲ ಓದಿಸಿಕೊಂಡರಂತೆ. ತಪ್ಪು ನಮ್ಮದು ಎಂದು ಯಾವ ವರ್ಕ್‌ಶಾಪಿನವರೂ ಬರೆದದ್ದನ್ನು ತಾನು ಇದುವರೆಗೆ ನೋಡಿಲ್ಲ ಎಂದರಂತೆ. ಅಡುಗೆಮನೆಯಿಂದ ಬಂದ ತಿಮ್ಮಕ್ಕ ಈಗ ಅದು ಎಷ್ಟು ಆಳ ತೋರಿಸುತ್ತಿದೆ ಎಂದು ಕೇಳಿದರು. ಬಂದರಿನಲ್ಲಿ ನಾಲ್ಕೂವರೆ ಮೀಟರ್ ಎಂದ ಮನೋಹರ್. ಅಷ್ಟೇಯಾ, ನಮ್ಮೂರಿನ ಬಾವಿಯೇ ಅದಕ್ಕಿಂತ ಆಳವಿತ್ತಲ್ಲ, ಇದಕ್ಕೆ ಇಷ್ಟು ರಂಪವೇ ಎಂದು ಅವರು ಒಳಗೆ ಹೋದರು.

ಆಮೇಲೆ ಮನೋಹರ್ ದನಿ ತಗ್ಗಿಸಿ, ಆಫೀಸಿನವರು ಸಹಿಯ ವಿಷಯ ಹೇಳಿದ್ದರಲ್ಲ, ಈ ರಿಪೋರ್ಟಿನಲ್ಲೂ ನಿಮ್ಮ ಸಹಿ ಇಲ್ಲವಲ್ಲ ಸರ್, ಅವರು ಕೇಳಿದರೆ ಏನು ಹೇಳಲಿ ಎಂದು ಕೇಳಿದ.

ವಿಶಾಖಾ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟಳು. ದೊಡ್ಡಬೈರಪ್ಪನವರು ಅವಳ ಕಡೆ ನೋಡಲಿಲ್ಲ, ಫೋನಿನ ಕಡೆಗೇ ನೋಡುತ್ತಾ ಹೇಳಿದರು.

"ನಾನು ಸೈನ್ ಹಾಕಿದ್ರೆ ಅದರಲ್ಲಿ ತೇವಾಂಶ ಅಂತ ಇರ್ತಿತ್ತು ಮನೋಹರ್. ನೀವು ಈಗ ಕೇಬಲ್ ಕೀಳ್ತಾ ಇರ್ತಿದ್ರಿ. ಅದನ್ನೇ ಹೇಳಿ ಅವ್ರಿಗೆ. ಇನ್ಮೇಲೆ ಇಲ್ಲಿ ಸೈನ್ ಹಾಕೋದು ವಿಶಾಖಾನೇ."